ಗೆಡ್ಡೆಯ ಹಸಿವು

ನನ್ನ ಮಗಳ ತಲೆಯಲ್ಲಿ ಗೆಡ್ಡೆ ಇದೆ ಎಂದು ಡಾಕ್ಟರು ಹೇಳಿದ ದಿನ ನಾನು ಮನೆಯಲ್ಲಿ ಆಲೂಗೆಡ್ಡೆ ಬೇಯಿಸಿಟ್ಟು ಬಂದಿದ್ದೆ. ಸಂಜೆಗೆ ಪೂರಿ ಸಾಗು ಮಾಡಬೇಕಿತ್ತು. ಡಾಕ್ಟರು ಆ ಮಾತು ಹೇಳಿ ನಮ್ಮ ಮುಖ ನೋಡುತ್ತ ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪಾತ್ರೆ. ಇನ್ನೂ ಸಿಪ್ಪೆ ಬಿಡಿಸಿಲ್ಲವಲ್ಲ, ಹುಡುಗರು ಬರುವ ಹೊತ್ತಾಯಿತಲ್ಲ ಎಂದುಕೊಂಡೆ. ಅದೇ ಯೋಚನೆಯಲ್ಲಿ ಎದ್ದು ನಿಂತೂಬಿಟ್ಟೆ. ನನ್ನ ಗಂಡ ಸೆರಗು ಹಿಡಿದು ಕೂರಿಸಿದರು.

ವಿಜಯನಗರದಲ್ಲಿ ನಮ್ಮದೊಂದು ಸಣ್ಣ ಮೆಸ್ಸು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಉದ್ದನೆಯ ಬೆಂಚು, ಒಳಗೆ ಅಡುಗೆ. ಬಿಜಾಪುರ, ರಾಯಚೂರು, ಗುಲ್ಬರ್ಗ ಕಡೆಯಿಂದ ಸರ್ಕಾರಿ ಪರೀಕ್ಷೆಗೆ ಓದಲು ಬಂದು ರೂಮು ಮಾಡಿಕೊಂಡಿರುವ ಹುಡುಗರು ಎರಡು ಹೊತ್ತು ಬಂದು ಉಂಡು ಹೋಗುತ್ತಾರೆ. ನನ್ನ ಗಂಡ ನಾಗರಾಜು ಆಟೋ ಓಡಿಸುತ್ತಾರೆ. ಅತ್ತೆ ಜಯಮ್ಮ ತರಕಾರಿ ಹೆಚ್ಚುತ್ತ, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ವಿಚಾರಿಸುತ್ತ ಬಾಗಿಲಲ್ಲಿ ಕೂರುತ್ತಿದ್ದರು. ನಮಗೆ ಒಬ್ಬಳೇ ಮಗಳು, ಕಾವ್ಯ. ಆಗ ಮೂರನೇ ಕ್ಲಾಸು.

ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನಾನು ಬರೆಯುವವಳಲ್ಲ, ಬಡಿಸುವವಳು. ಆದರೂ ಆ ಆಸ್ಪತ್ರೆಯ ಬೆಂಚಿನ ಮೇಲೆ ಟಿಫನ್ ಬಾಕ್ಸನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ತೆಗೆಯಲೂ ಆಗದೆ, ಇವತ್ತೂ ಯಾರೋ ಒಬ್ಬಳು ಕೂತಿರುತ್ತಾಳೆ. ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ವಾಂತಿಯಿಂದ. ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ಆಮೇಲೆ ಏನೂ ಆಗದವಳ ಹಾಗೆ ಆಟ. ಅಜೀರ್ಣ ಎಂದುಕೊಂಡೆವು. ಅತ್ತೆ ದೃಷ್ಟಿ ತೆಗೆದರು, ಓಮದ ಕಷಾಯ ಕುಡಿಸಿದರು. ಬೋರ್ಡು ಕಾಣಿಸುವುದಿಲ್ಲ ಎಂದು ಟೀಚರು ಹೇಳಿ ಕಳಿಸಿದಾಗ ರಾಜಾಜಿನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾವ್ಯಳ ಜೊತೆ ತಮಾಷೆ ಮಾಡುತ್ತ ಲೈಟು ಬಿಟ್ಟು ಕಣ್ಣೊಳಗೆ ನೋಡಿದರು. ನೋಡುತ್ತಿದ್ದ ಹಾಗೆ ತಮಾಷೆ ನಿಂತಿತು. "ಕನ್ನಡಕ ಬೇಡಮ್ಮ. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟರು. ಕನ್ನಡಕ ಇಲ್ಲವಲ್ಲ ಎಂದು ಕಾವ್ಯ ದಾರಿಯುದ್ದಕ್ಕೂ ಕುಣಿದಳು.

ದೊಡ್ಡಾಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ಅಲ್ಲಿನ ಕಾಯುವ ಹಾಲಿನಲ್ಲಿ ಮೊದಲ ದಿನ ಪಕ್ಕದಲ್ಲಿ ಕೂತಿದ್ದ ಕೋಲಾರದ ಕಡೆಯ ಹೆಂಗಸೊಬ್ಬಳು "ನಿಮ್ಮದೆಲ್ಲಿ?" ಎಂದು ಕೇಳಿದಳು.

"ವಿಜಯನಗರ" ಎಂದೆ.

ಅವಳು ಸಣ್ಣಗೆ ನಕ್ಕಳು. "ಊರಲ್ಲಮ್ಮ. ತಲೇಲಿ ಎಲ್ಲಿ?"

ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುವುದೇ ಹಾಗೆ. ನನ್ನ ಮಗನದು ಎಡಗಡೆ, ನಮ್ಮ ಹುಡುಗಿಯದು ಕಣ್ಣಿನ ಹಿಂದೆ. ಕೆಲವು ದಿನ ಕಳೆಯುವ ಹೊತ್ತಿಗೆ ನಾನೂ ಹೊಸಬರು ಬಂದರೆ "ನಿಮ್ಮದೆಲ್ಲಿ" ಎಂದು ಕೇಳತೊಡಗಿದ್ದೆ. "ನಮ್ಮದು ಹಿಂದುಗಡೆ, ಕತ್ತಿನ ಮೇಲೆ" ಎಂದು ಹೇಳುವಾಗ ಮಾರ್ಕೆಟ್ಟಿನಲ್ಲಿ ಮನೆಯ ಗುರುತು ಹೇಳುವಷ್ಟೇ ಸಲೀಸು.

ಆಪರೇಷನ್ನಿನ ದಿನ ಅದೇ ಹೆಂಗಸು ನನ್ನ ಹಿಂದೆ ಬಂದು ಕೂತಳು. ಬೆಳಿಗ್ಗೆಯಿಂದ ನನ್ನ ಜಡೆ ಬಿಚ್ಚಿಹೋಗಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಬೆರಳಲ್ಲೇ ಬಾಚಿ ಹೆಣೆದಳು. ಹೆಣೆದು ಮುಗಿದರೂ ಆಪರೇಷನ್ ಕೋಣೆಯ ಬಾಗಿಲು ತೆರೆಯಲಿಲ್ಲ. ಅವಳು ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದಳು. ಅವಳ ಹೆಸರು ಏನೆಂದು ನಾನು ಕೇಳಲೇ ಇಲ್ಲ, ಅವಳ ಮಗ ಏನಾದ ಎಂದೂ ತಿಳಿಯಲಿಲ್ಲ. ಆ ಕೈಗಳು ಮಾತ್ರ ನೆನಪಿವೆ.

ಗೆಡ್ಡೆಯನ್ನು ಆದಷ್ಟೂ ತೆಗೆದಿದ್ದೇವೆ ಎಂದು ದೊಡ್ಡ ಡಾಕ್ಟರು ಹೇಳಿ ಹೋದರು. ಅವರ ಹಿಂದೆಯೇ ಒಬ್ಬ ಹುಡುಗಿ ನಿಂತಿದ್ದಳು. ಬಿಳಿ ಕೋಟು, ಕೈಯಲ್ಲಿ ಪೆನ್ನು, ಮುಖದಲ್ಲಿ ನಮಗಿಂತ ಹೆಚ್ಚು ಅಂಜಿಕೆ. ಹೆಸರು ಶ್ರೀಲತಾ. ಅಲ್ಲಿಯ ಲ್ಯಾಬಿನಲ್ಲಿ ಮಕ್ಕಳ ಮೆದುಳಿನ ಗೆಡ್ಡೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರು.

"ಸಾರ್, ತೆಗೆದಿರೋದ್ರಲ್ಲಿ ಒಂದು ಚೂರು ನಮ್ಮ ಲ್ಯಾಬಲ್ಲಿ ಇಟ್ಕೋಬಹುದಾ? ನೀವು ಒಪ್ಪಿದ್ರೆ ಮಾತ್ರ."

ನಾಗರಾಜುಗೆ ಎಲ್ಲಿತ್ತೋ ಸಿಟ್ಟು. "ಇಟ್ಕೊಂಡು ಏನ್ ಪೂಜೆ ಮಾಡ್ತೀರಾ? ಒಲೆಗೆ ಹಾಕಿ ಅದನ್ನ."

"ಬೈಯಿರಿ ಸಾರ್, ಪರವಾಗಿಲ್ಲ. ಅದು ಹೇಗೆ ಬದುಕುತ್ತೆ ಅಂತ ನಮಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಕೇಳ್ತಿದೀನಿ."

ಅಷ್ಟು ದಿನದಲ್ಲಿ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ನಾಗರಾಜು ನನ್ನ ಮುಖ ನೋಡಿದರು. ನಾನು ಆಗಲಿ ಎಂದೆ.

ಆ ತಿಂಗಳುಗಳಲ್ಲಿ ನಾನು ಮೆಸ್ಸು ಮುಚ್ಚಲಿಲ್ಲ. ಬೆಳಕು ಹರಿಯುವ ಮುಂಚೆ ಅಡುಗೆ ಮುಗಿಸಿ, ಬಡಿಸುವುದನ್ನು ಅತ್ತೆಗೆ ಬಿಟ್ಟು, ಕಾವ್ಯಳನ್ನು ಆಟೋದಲ್ಲಿ ಕೂರಿಸಿಕೊಂಡು ರೇಡಿಯೇಷನ್‌ಗೆ ಹೋಗುತ್ತಿದ್ದೆವು. ಒಂದು ದಿನ ಬೇಗ ವಾಪಸಾದೆ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಅನ್ನ ಕಲಸಿಕೊಂಡು "ಅಕ್ಕಾರ, ಸಾರಿಗೆ ಉಪ್ಪ ಇಲ್ಲಲ್ರೀ" ಎಂದ. ಹಳಬರೆಲ್ಲ ಅವನ ಕಡೆ ತಿರುಗಿ ಕಣ್ಣು ಬಿಟ್ಟರು. ಬಸವರಾಜ ಎಂಬ ಬಿಜಾಪುರದ ಹುಡುಗ ಅವನ ತೊಡೆ ಚಿವುಟಿದ್ದು ನನಗೆ ಕಾಣಿಸಿತು. ನಾನು ಸಾರಿನ ರುಚಿ ನೋಡಿದೆ. ಉಪ್ಪೇ ಇರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಯಾರೂ ತಲೆ ಎತ್ತಲಿಲ್ಲ. ನಾನು ಉಪ್ಪಿನ ಡಬ್ಬಿ ತಂದು ಬೆಂಚಿನ ಮೇಲಿಟ್ಟು ಒಳಗೆ ಹೋಗಿ ಅತ್ತುಬಿಟ್ಟೆ. ಉಪ್ಪಿಲ್ಲದ ಸಾರನ್ನು ಬಾಯಿ ಮುಚ್ಚಿಕೊಂಡು ಉಂಡ ಆ ಮಕ್ಕಳ ಋಣ ನಾನು ತೀರಿಸಲಾರೆ.

ಆಮೇಲೆ ಒಳ್ಳೆಯ ದಿನಗಳೂ ಬಂದವು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ. ತಲೆಯೊಳಗಿನ ಊತ ಇಳಿಸಲು ಕೊಡುತ್ತಿದ್ದ ಮಾತ್ರೆಗೆ ಒಂದು ಗುಣವಿತ್ತು, ಹೊಟ್ಟೆ ಹಸಿವು ಕೆರಳಿಸುವುದು. ಮೊದಲೆಲ್ಲ ತುತ್ತಿಗೊಂದು ಕಥೆ ಹೇಳಿಸಿಕೊಳ್ಳುತ್ತಿದ್ದ ಹುಡುಗಿ ಈಗ ಹುಡುಗರ ಪಂಕ್ತಿಯಲ್ಲಿ ಕೂತು ಅವರಿಗೆ ಸರಿಸಮ ಉಣ್ಣತೊಡಗಿದಳು. ಚಿತ್ರಾನ್ನ, ಹುಳಿಯನ್ನ, ಮುದ್ದೆ, ಹೋಳಿಗೆ, ಯಾವುದಕ್ಕೂ ಇಲ್ಲವೆನ್ನಲಿಲ್ಲ. ಕೆನ್ನೆ ಊದಿ ಕಣ್ಣು ಸಣ್ಣಗಾದವು. "ನಮ್ಮ ಕಾವ್ಯ ಪೂರಿ ಥರ ಉಬ್ಬವಳೆ ನೋಡ್ರೋ" ಎಂದು ಅತ್ತೆ ಬೀದಿಗೆಲ್ಲ ತೋರಿಸಿದರು. ಅಡುಗೆಯವಳಿಗೆ ಮಗಳು ಎರಡನೇ ಸಲ ಬಡಿಸು ಎಂದರೆ ಅದಕ್ಕಿಂತ ಬೇರೆ ಸ್ವರ್ಗ ಬೇಕೇ. ಮಾತ್ರೆ ನಿಂತಿತು, ಕೂದಲು ಬಂತು, ಟೋಪಿ ಹಾಕಿಕೊಂಡು ಸ್ಕೂಲಿಗೂ ಹೋದಳು.

ಒಂದು ಮಧ್ಯಾಹ್ನ ಹುಡುಗರಿಗೆ ನೀರಿನ ಲೋಟ ಇಡುತ್ತ ಬರುತ್ತಿದ್ದವಳು ಬೆಂಚಿನ ಉದ್ದಕ್ಕೂ ಎಡಕ್ಕೆ ವಾಲಿದಳು. ಲೋಟ ಬಿತ್ತು. "ಜಾರಿತು ಕಣಮ್ಮ" ಎಂದಳು. ನೆಲ ಒಣಗಿತ್ತು. ನಾನೂ ಬಸವರಾಜನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಸ್ಕ್ಯಾನು ನೋಡಿ ದೊಡ್ಡ ಡಾಕ್ಟರು "ಮತ್ತೆ ಬಂದಿದೆ" ಎಂದರು. ಮತ್ತೆ ಅದೇ ಮಾತ್ರೆ, ಬೇರೆ ಇಂಜೆಕ್ಷನ್ನು ಎಂದರು. ಹೊರಗೆ ಕಾರಿಡಾರಿನಲ್ಲಿ ನಾವು ನಾಲ್ಕೂ ಜನ ನಿಂತಿದ್ದಾಗ ಶ್ರೀಲತಾ ಬಂದರು. ಕಾವ್ಯಳಿಗೆ ಅವರೆಂದರೆ ಸಲಿಗೆ.

"ಆಂಟಿ, ನನ್ನ ಗೆಡ್ಡೆ ಇನ್ನೂ ನಿಮ್ಮ ಫ್ರಿಜ್ಜಲ್ಲಿದ್ಯಾ?"

"ಇದೆ ಪುಟ್ಟಾ. ಸ್ವಲ್ಪನ ಗಾಜಿನ ತಟ್ಟೇಲಿ ಬೆಳೆಸ್ತಾನೂ ಇದೀವಿ."

"ಅದಕ್ಕೆ ಊಟ ಯಾರು ಹಾಕ್ತಾರೆ?"

"ನಾನೇ. ಸಕ್ಕರೆ ನೀರಿನ ಥರದ್ದು ಹಾಕ್ತೀನಿ. ಸಕ್ಕರೆ ಅಂದ್ರೆ ಅದಕ್ಕೆ ಪ್ರಾಣ. ಒಂದೊಂದು ಸಲ ಸಕ್ಕರೆ ಕಮ್ಮಿ ಮಾಡಿ, ಏನ್ಮಾಡುತ್ತೆ ಅಂತ ನೋಡ್ತೀನಿ. ಅದರೊಳಗೆ ಒಂದು ಕಿಣ್ವ ಇದೆ. ಶಕ್ತಿ ಎಷ್ಟಿದೆ, ಎಷ್ಟು ಖರ್ಚಾಯ್ತು ಅಂತ ನೋಡ್ಕೊಳೋದೇ ಅದರ ಕೆಲಸ. ನಿನ್ನ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ. ಹಸಿವಾದಾಗ ಈ ಕಿಣ್ವ..."

ಯಾರೋ ಅವರನ್ನು ಕೂಗಿದರು. "ಉಳಿದಿದ್ದು ಆಮೇಲೆ ಹೇಳ್ತೀನಿ" ಎಂದು ಕಾವ್ಯಳ ಟೋಪಿ ಸರಿಮಾಡಿ ಓಡಿದರು.

ಅರ್ಧಕ್ಕೆ ನಿಂತ ಆ ಮಾತನ್ನು ನಾವು ನಾಲ್ಕು ಜನ ನಾಲ್ಕು ರೀತಿ ಕೇಳಿಸಿಕೊಂಡೆವು. ನಾಗರಾಜು ಆಟೋ ಸ್ಟಾರ್ಟು ಮಾಡುತ್ತ "ಪೆಟ್ರೋಲು ಮುಗೀತಾ ಬಂದ್ರೆ ರಿಸರ್ವ್‌ಗೆ ತಿರುಗಿಸ್ತೀವಲ್ಲ, ಆ ಥರ ಏನೋ ಇರ್ಬೇಕು" ಎಂದರು. ನನ್ನ ಕಿವಿಯಲ್ಲಿ ಮತ್ತೆ ಬಂದಿದೆ ಎನ್ನುವುದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಅತ್ತೆಗೆ ಸ್ವಲ್ಪ ಕಿವಿ ಮಂದ. ಅವರು ಕೇಳಿಸಿಕೊಂಡದ್ದು ಗಿಣ್ಣು.

"ಡಾಕ್ಟ್ರಮ್ಮ ಹೇಳಿದ್ದು ಕೇಳಿಸ್ತೇನೇ? ಗಿಣ್ಣು ಶಕ್ತಿ ನೋಡ್ಕೊಳುತ್ತಂತೆ. ನಮ್ಮ ಕಾಲದ ಮಾತನ್ನ ಕೊನೆಗೂ ಒಪ್ಕೊಂಡ್ರು ನೋಡು ಇವ್ರು."

ಗಿಣ್ಣಲ್ಲ ಅತ್ತೆ, ಕಿಣ್ವ, ಅದು ಬೇರೆ ಎಂದು ನಾನು ಹೇಳಿದೆ. ಬೇರೆ ಎಂದರೆ ಏನು ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವಳ ಮಾತಿಗಿಂತ ತಮ್ಮ ಕಿವಿಯೇ ವಾಸಿ ಎಂದು ಅವರು ತೀರ್ಮಾನ ಮಾಡಿಬಿಟ್ಟರು. ಶ್ರೀಗಂಧದ ಕಾವಲಿನಲ್ಲಿ ಅವರ ಪರಿಚಯದ ಗೌರಮ್ಮ ಹಸು ಸಾಕಿದ್ದರು. ಆ ವಾರವೇ ಅವರ ಹಸು ಕರು ಹಾಕಿತ್ತು. ಅತ್ತೆ ನಾಗರಾಜುವನ್ನು ಎಬ್ಬಿಸಿಕೊಂಡು ಹೋಗಿ, ಸಣ್ಣ ಬಿಂದಿಗೆಯ ತುಂಬ ಗಿಣ್ಣುಹಾಲು ತಂದರು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರು. ಇಡೀ ಬೀದಿ ಘಮ್ಮೆಂದಿತು.

ಕಾವ್ಯಳಿಗೆ ಗಿಣ್ಣು ಎಂದರೆ ಪ್ರಾಣ. ಅತ್ತೆ ಬಟ್ಟಲು ಮುಂದಿಟ್ಟರು. ಅವಳು ನೋಡಿದಳು. ಎಂಜಲು ನುಂಗಿದ್ದು ನನಗೆ ಕಾಣಿಸಿತು. "ಬೇಡಜ್ಜಿ, ವಾಕರಿಕೆ ಬರುತ್ತೆ" ಎಂದು ಗೋಡೆಗೆ ತಿರುಗಿ ಮಲಗಿದಳು. ಅತ್ತೆ ಮುಖ ಸಣ್ಣಗೆ ಮಾಡಿಕೊಂಡು ಬಟ್ಟಲನ್ನು ಹುಡುಗರಿಗೆ ಕೊಟ್ಟರು.

ಅಲ್ಲಿಂದ ಶುರು. ಅತ್ತೆ ಸೋಮವಾರ ಒಪ್ಪತ್ತು ಮಾಡುವವರು, ಒಂದೇ ಹೊತ್ತು ಊಟ. "ನಾನೂ ಅಜ್ಜಿ ಜೊತೆ ಒಪ್ಪತ್ತು" ಎಂದಳು ಕಾವ್ಯ. ಮೊಮ್ಮಗಳ ಭಕ್ತಿಗೆ ಅತ್ತೆ ಹಿಗ್ಗಿದರು. ಮಗು, ಮೈಯಲ್ಲಿ ಶಕ್ತಿ ಇಲ್ಲ, ಬೇಡ ಎಂದು ನಾನು ರೇಗಿದೆ. ಉಳಿದ ದಿನ ಮಾತ್ರ ಹುಡುಗರ ಪಂಕ್ತಿಯಲ್ಲಿ ಕೂತು ಬಡಿಸಿದ್ದನ್ನೆಲ್ಲ ಹಾಕಿಸಿಕೊಳ್ಳುತ್ತಿದ್ದಳು, ತಟ್ಟೆಯೂ ಖಾಲಿಯಾಗುತ್ತಿತ್ತು. ಆದರೂ ಕೈ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮಾತ್ರೆ ಅದೇ, ಹಸಿವು ಕೆರಳಿಸುವ ಮಾತ್ರೆ. ಮೊದಲು ಅದೇ ಮಾತ್ರೆಗೆ ಉಬ್ಬಿದ್ದ ಹುಡುಗಿ ಈ ಸಲ ಸೊರಗುತ್ತಿದ್ದಳು. ಗೆಡ್ಡೆಯೇ ತಿನ್ನುತ್ತಿದೆ ಎಂದು ನಾವು ಅಂದುಕೊಂಡೆವು.

ಕೊನೆಗೆ ಬಸವರಾಜ ಒಂದು ದಿನ ಊಟ ಮುಗಿದ ಮೇಲೂ ಏಳದೆ ಕೂತ. ಉಳಿದವರೆಲ್ಲ ಹೋದ ಮೇಲೆ ಅಡುಗೆಮನೆ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ಹೇಳಬ್ಯಾಡ ಅಂತ ಆಣಿ ಮಾಡಿಸ್ಯಾಳ್ರೀ. ಆದ್ರ ತಡಕೊಳ್ಳಾಕ ಆಗವಲ್ದು. ನೀವು ಒಳಗ ಹೋದ ಕೂಡ್ಲೆ ತನ್ನ ತಾಟಿನಾಗಿಂದು ಎಲ್ಲಾ ನನ್ನ ತಾಟಿಗೆ ಹಾಕ್ತಾಳ್ರೀ. ಹೊಟ್ಟಿ ತುಂಬೇತಿ ಅಂತಾಳ, ಕಣ್ಣ ನೋಡಿದ್ರ ಹಂಗ ಅನಸೂದಿಲ್ರೀ." ಹೊಸ್ತಿಲ ಮೇಲೆ ಕೂತ. "ಅಕಿ ಅನ್ನ ಉಂಡೂ ಉಂಡೂ ನನಗ ರಾತ್ರಿ ನಿದ್ದಿ ಬರವಲ್ದು."

ನಾನು ಹೋಗಿ ಕಾವ್ಯಳ ಹಾಸಿಗೆಯ ಮೇಲೆ ಕೂತೆ. ಕಿಟಕಿಯಿಂದ ಬಿಸಿಲು ಅವಳ ಕಾಲ ಮೇಲೆ ಬಿದ್ದಿತ್ತು. ಬೈಯಬೇಕೆಂದೇ ಹೋಗಿದ್ದೆ. "ಯಾಕೆ ಕಂದಾ ಊಟ ಮಾಡ್ತಿಲ್ಲ?" ಎಂದಷ್ಟೇ ಬಂತು.

ಬಸವರಾಜಣ್ಣ ಹೇಳಿಬಿಟ್ಟ ಎಂದು ಅವಳಿಗೆ ಗೊತ್ತಾಯಿತು. ಹೊದಿಕೆಯ ದಾರ ಕೀಳತೊಡಗಿದಳು.

"ಗೆಡ್ಡೆಗೆ ಹಸಿವಾಗ್ಲಿ ಅಂತ."

"ಏನಂದೆ?"

"ಶ್ರೀಲತಾ ಆಂಟಿ ಹೇಳ್ಲಿಲ್ವಾ, ಅದಕ್ಕೆ ಸಕ್ಕರೆ ಇಷ್ಟ ಅಂತ. ಅವ್ರೂ ಅದನ್ನ ಉಪವಾಸ ಕೆಡವ್ತಾರಂತಲ್ಲ. ನಾನು ಏನೂ ತಿಂದಿಲ್ಲ ಅಂದ್ರೆ ಅದೂ ಸಾಯುತ್ತೆ." ಆಮೇಲೆ ನನ್ನ ಕಡೆ ನೋಡದೆ, ಬಹಳ ಸಣ್ಣ ದನಿಯಲ್ಲಿ ಕೇಳಿದಳು. "ಅಮ್ಮ, ಹೋದ್ಸಲ ನಾನು ಅಷ್ಟೊಂದು ತಿಂದಿದ್ದಕ್ಕೇ ಅಲ್ವಾ ಅದು ಮತ್ತೆ ಬೆಳೆದಿದ್ದು?"

ಆಪರೇಷನ್ನಿನ ದಿನ ನಾನು ಅಳಲಿಲ್ಲ. ಸ್ಕ್ಯಾನಿನ ದಿನ ಅಳಲಿಲ್ಲ. ಆ ಪ್ರಶ್ನೆ ಕೇಳಿದಾಗ ನನ್ನ ಎದೆ ಒಡೆದು ಹೋಯಿತು. ಇಷ್ಟು ದಿನ ಈ ಮಗು ಹಸಿವನ್ನು ಹಲ್ಲುಕಚ್ಚಿ ಹಿಡಿದುಕೊಂಡು, ತನ್ನ ಕಾಯಿಲೆಗೆ ತಾನೇ ಕಾರಣ ಎಂದು ನಂಬಿಕೊಂಡು, ಗಿಣ್ಣಿನ ಬಟ್ಟಲಿಗೆ ಬೆನ್ನು ಮಾಡಿ ಮಲಗಿತ್ತು. ಅವಳನ್ನು ಅಪ್ಪಿಕೊಂಡು ಇಲ್ಲ ಕಂದಾ, ಇಲ್ಲ, ಇಲ್ಲ ಎಂದೆ. ಅವಳು ನಂಬಲಿಲ್ಲ. ಅಮ್ಮಂದಿರು ಇಲ್ಲ ಎಂದೇ ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಆ ದಿನದಿಂದ ನಾನು ದೇವರ ಹತ್ತಿರ ದೊಡ್ಡದನ್ನೇನೂ ಕೇಳಲಿಲ್ಲ. ಇವಳು ಉಳಿಯದೆ ಹೋದರೂ ತಾನು ತಿಂದದ್ದರಿಂದ ಹೀಗಾಯಿತು ಎಂದುಕೊಂಡು ಮಾತ್ರ ಹೋಗಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮರುದಿನವೇ ಅವಳನ್ನು ಎತ್ತಿಕೊಂಡು ಶ್ರೀಲತಾ ಹತ್ತಿರ ಹೋದೆವು. ಅವರ ಲ್ಯಾಬಿನ ಹೊರಗೆ ಒಂದೇ ಒಂದು ಸ್ಟೂಲು, ಅದರ ಮೇಲೆ ನಾನು, ನನ್ನ ತೊಡೆಯ ಮೇಲೆ ಕಾವ್ಯ. ಅಲ್ಲಿ ಕಾಯುತ್ತ ಕೂತಾಗ ನನಗೆ ಸಿಟ್ಟು ಬಂತು. ಡಾಕ್ಟರ ಮೇಲೆ, ಅರ್ಧಕ್ಕೆ ಅವರನ್ನು ಕೂಗಿದವರ ಮೇಲೆ, ಕಿಣ್ವ ಎಂಬ ಪದದ ಮೇಲೂ. ಶ್ರೀಲತಾ ಬಂದು ವಿಷಯ ಕೇಳಿ ಬಿಳಿಚಿಕೊಂಡರು. ನೆಲದ ಮೇಲೆ ಮಂಡಿಯೂರಿ ಕಾವ್ಯಳ ಎದುರು ಕೂತರು.

"ಅವತ್ತು ಉಳಿದಿದ್ದು ಹೇಳ್ತೀನಿ ಅಂದಿದ್ನಲ್ಲ ಪುಟ್ಟಾ, ಈಗ ಕೇಳು. ಹಸಿವಾದಾಗ ಆ ಕಿಣ್ವ ಎಚ್ಚರ ಆಗುತ್ತೆ. ಶಕ್ತಿ ಕಮ್ಮಿ ಆಗ್ತಿದೆ, ಬೆಳೆಯೋದು ನಿಲ್ಸು, ಇರೋದನ್ನೇ ಹಿಡಿದಿಟ್ಕೊಂಡು ಬದುಕು ಅಂತ ಹೇಳುತ್ತೆ. ನನ್ನ ತಟ್ಟೇಲಿರೋವು ಉಪವಾಸ ಕೆಡವಿದ್ರೂ ಸಾಯಲ್ಲ. ಕೆಲವು ಇನ್ನೂ ಗಟ್ಟಿ ಆಗ್ತವೆ."

ಕಾವ್ಯ ಯೋಚನೆ ಮಾಡಿದಳು. ನಮ್ಮ ಅಡುಗೆಮನೆಯ ಮೂಲೆಯ ಬುಟ್ಟಿ ಅವಳ ಕಣ್ಣ ಮುಂದೆ ಬಂದಿರಬೇಕು.

"ಆಲೂಗೆಡ್ಡೆ ಥರಾನಾ? ಬುಟ್ಟೀಲಿ ಮಣ್ಣಿರಲ್ಲ, ನೀರಿರಲ್ಲ, ಆದ್ರೂ ಮೊಳಕೆ ಬರುತ್ತೆ."

"ಹೂಂ. ಆ ಥರಾನೇ."

"ಹಾಗಾದ್ರೆ ಮೊದಲು ಹಸಿವಾಗೋದು ನಂಗಾ?"

"ನಿಂಗೇ ಪುಟ್ಟಾ. ನೀನು ಊಟ ಬಿಟ್ರೆ ಸೊರಗೋದು ನೀನು, ಅದಲ್ಲ. ಅದು ಬಂದಿದ್ದು ನೀನು ತಿಂದಿದ್ದರಿಂದ ಅಲ್ಲ. ನೀನು ಏನೇ ಮಾಡಿದ್ರೂ, ಏನೇ ಮಾಡದೇ ಇದ್ರೂ ಅದು ಬರ್ತಾ ಇತ್ತು. ನನ್ನಾಣೆ. ತಿನ್ನದೇ ಇದ್ರೆ ಅದು ಹೋಗೋದೂ ಇಲ್ಲ."

ನಾನು ದೇವರಲ್ಲಿ ಕೇಳಿಕೊಂಡ ಮಾತನ್ನು ಅವರು ಹೇಳಿದ್ದರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆದರೆ ಕಾವ್ಯ ಇನ್ನೂ ಅವರ ಮುಖವನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅದು ಹೋಗಲ್ವಾ ಆಂಟಿ?"

ಶ್ರೀಲತಾ ಬಾಯಿ ತೆರೆದರು. ಸುಳ್ಳು ಹೇಳಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು, ಆ ಮಾತು ಅವರಿಗೆ ಸಲೀಸಾಗಿ ಬರುತ್ತಿತ್ತು. ಎರಡನ್ನೂ ಹೇಳಲಿಲ್ಲ. ಅವಳ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದರು. ಒಂದು ಮಾತಿನಿಂದ ಅವಳ ಅಪರಾಧ ಕಳೆಯಿತು, ಅದೇ ಮಾತಿನಿಂದ ಅವಳ ಆಸೆಯೂ ಹೋಯಿತು. ಆ ಎರಡನ್ನೂ ಬೇರೆ ಬೇರೆ ಮಾಡಿ ಕೊಡಲು ಯಾರಿಗೂ ಬರುತ್ತಿರಲಿಲ್ಲ. ಕಾವ್ಯ ನನ್ನ ಕತ್ತಿಗೆ ಮುಖ ಒತ್ತಿ "ಮನೆಗೆ ಹೋಗೋಣ" ಎಂದಳು.

ಮನೆಗೆ ಬರುವಾಗ ಕಾರ್ಡ್ ರೋಡಿನಲ್ಲಿ ಟ್ರಾಫಿಕ್ಕು ನಿಂತಿತ್ತು. ಅಪ್ಪನ ಬೆನ್ನು ನೋಡುತ್ತ ಕೂತಿದ್ದವಳು ಇದ್ದಕ್ಕಿದ್ದ ಹಾಗೆ "ಅಪ್ಪಾ, ಅಜ್ಜಿ ಅವತ್ತು ಮಾಡಿದ್ರಲ್ಲ ಗಿಣ್ಣು, ಅದು ಇನ್ನೂ ಇದ್ಯಾ?" ಎಂದಳು.

ಎಲ್ಲಿಂದ ಇರಬೇಕು. ತಿಂಗಳ ಮೇಲಾಗಿತ್ತು. ಗಿಣ್ಣು ಅಂಗಡಿಯಲ್ಲಿ ಸಿಗುವುದಲ್ಲ. ಎಲ್ಲಾದರೂ ಒಂದು ಹಸು ಕರು ಹಾಕಬೇಕು, ಆ ಹಸುವಿನ ಮನೆಯವರು ಮನಸ್ಸು ಮಾಡಿ ಕೊಡಬೇಕು. ನಾಗರಾಜು ಅವತ್ತು ನಮ್ಮನ್ನು ಇಳಿಸಿ, ಒಳಗೂ ಬರದೆ ಆಟೋ ತಿರುಗಿಸಿದರು. ಗೌರಮ್ಮನ ಮನೆಯಲ್ಲಿ ಇರಲಿಲ್ಲ. ಬಾಪೂಜಿ ನಗರದ ಹಾಲಿನವರನ್ನು ಕೇಳಿದರು. ಕೆಂಗೇರಿಯ ಹಳೇ ಊರಿನಲ್ಲಿ, ಉಪನಗರದ ಆಚೆಯ ಹಟ್ಟಿಗಳಲ್ಲಿ, ಸಗಣಿ ವಾಸನೆ ಬಂದ ಕಡೆಯೆಲ್ಲ ಆಟೋ ನಿಲ್ಲಿಸಿ "ಯಾವ್ದಾದ್ರೂ ಹಸು ಕರು ಹಾಕೈತಾ?" ಎಂದು ಕೇಳಿದರು. ಬಾಡಿಗೆ ಹತ್ತಲು ಕೈ ತೋರಿಸಿದವರನ್ನೂ ಅದೇ ಕೇಳಿದರಂತೆ. ದಿನವೂ ಹೋದರು, ದಿನವೂ ಬರಿಗೈಯಲ್ಲಿ ಬಂದರು. ಅಷ್ಟರಲ್ಲಿ ಇಂಜೆಕ್ಷನ್ನು ನಿಲ್ಲಿಸಿದ್ದರು. ಮನೆಯಲ್ಲೇ ಇಟ್ಟುಕೊಳ್ಳಿ, ಏನು ಕೇಳಿದರೂ ಕೊಡಿ ಎಂದಿದ್ದರು ದೊಡ್ಡ ಡಾಕ್ಟರು. ಅವಳು ಒಂದೇ ಒಂದನ್ನು ಕೇಳಿದ್ದಳು.

ಕೆಂಗೇರಿಯ ಆಚೆ ತೋಪಿನ ಪಕ್ಕದ ಒಂದು ಹಟ್ಟಿಯಲ್ಲಿ ಹಸುವೊಂದು ಗಬ್ಬವಿತ್ತು. ನಾಗರಾಜು ಅಲ್ಲಿಗೇ ದಿನವೂ ಹೋಗಿ ನಿಲ್ಲತೊಡಗಿದರು. ಹಟ್ಟಿಯ ಯಜಮಾನ ಮುನಿಯಪ್ಪ ಎಂಬ ಮುದುಕರು, "ಏನಪ್ಪಾ ನೀನು, ಬಸುರಿ ಹೆಂಡ್ತಿನ ನೋಡೋಕ್ ಬಂದಂಗೆ ಬರ್ತೀಯಲ್ಲ" ಎಂದು ನಕ್ಕರಂತೆ. ಇವರು ವಿಷಯ ಹೇಳಿದರು. ಮುದುಕರು ಮತ್ತೆ ನಗಲಿಲ್ಲ. ಹಸು ಕರು ಹಾಕಿದ ದಿನ ಕರುವಿಗೆ ಕುಡಿಸಿ, ಉಳಿದದ್ದನ್ನೆಲ್ಲ ತಮ್ಮದೇ ಹಿತ್ತಾಳೆಯ ಪಾತ್ರೆಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟರು. ನಾಗರಾಜು ಪಾತ್ರೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಒಂದು ತೊಟ್ಟೂ ಚೆಲ್ಲದ ಹಾಗೆ ಮೈಸೂರು ರಸ್ತೆಯುದ್ದಕ್ಕೂ ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಂಡು ಬಂದರು.

ಅತ್ತೆ ಬೇಯಿಸಿದರು. ಬೆಲ್ಲ ನಾನೇ ಕುಟ್ಟಿಕೊಟ್ಟೆ. ಕಾವ್ಯಳಿಗೆ ಆ ಹೊತ್ತಿಗೆ ನುಂಗುವುದು ಕಷ್ಟವಾಗಿತ್ತು, ಒಂದು ಕಣ್ಣು ಮುಚ್ಚುತ್ತಿರಲಿಲ್ಲ. ಊಟಕ್ಕೆ ಬಂದ ಹುಡುಗರು ಒಳಗೆ ಕೂರದೆ ಬಾಗಿಲಾಚೆಯೇ ಸಾಲಾಗಿ ನಿಂತರು. ನಾನು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಚಮಚದ ತುದಿಯಲ್ಲಿ ಒಂದು ಚೂರು ತುಟಿಗಿಟ್ಟೆ. ನಾಲಿಗೆ ಮೇಲೆ ಇಟ್ಟುಕೊಂಡೇ ಬಹಳ ಹೊತ್ತು ಇದ್ದಳು. ನುಂಗಿದಳು. ಇನ್ನೊಂದು ಚೂರು. ಅದನ್ನೂ ನುಂಗಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಸಾಕಾ ಎಂದು ಕೇಳಿದೆ. ತಲೆಯಾಡಿಸಿ ಬಾಯಿ ತೆರೆದಳು.

ಆಮೇಲೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಮಾತು ತೊದಲುತ್ತಿತ್ತು. ಆದರೂ ಒಂದೊಂದು ಅಕ್ಷರವೂ ನಮಗೆಲ್ಲ ಕೇಳಿಸಿತು.

"ಇದು ಗೆಡ್ಡೆದಲ್ಲ, ಮಾತ್ರೆದೂ ಅಲ್ಲ. ಇದು ನನ್ ಹಸಿವು ಕಣಮ್ಮ."

ಅದಾದ ಕೆಲವು ದಿನಗಳಿಗೆ, ಒಂದು ಬೆಳಿಗ್ಗೆ, ಅತ್ತೆ ಹಣೆ ಸವರುತ್ತ ಕೂತಿದ್ದಾಗ ಕಾವ್ಯ ಹೋದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಶ್ರೀಲತಾ ಆಮೇಲೆ ಒಂದು ಸಲ ಮನೆಗೆ ಬಂದಿದ್ದರು. ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಮುದ್ದೆ ಉಂಡರು. ಕಾವ್ಯಳ ಗೆಡ್ಡೆಯ ಚೂರು ಈಗಲೂ ಲ್ಯಾಬಿನ ಫ್ರಿಜ್ಜಿನಲ್ಲಿದೆಯಂತೆ. ಆ ಕಿಣ್ವವನ್ನು ಹೇಗೆ ತಡೆಯುವುದು, ಗೆಡ್ಡೆಗೆ ಮಾತ್ರ ಮೋಸ ಮಾಡಿ ಮಗುವನ್ನು ಉಳಿಸುವುದು ಹೇಗೆ ಎಂದು ಹುಡುಕುತ್ತಿದ್ದಾರಂತೆ. ಸಿಕ್ಕಿದೆಯೇ ಎಂದು ಅತ್ತೆ ಕೇಳಿದರು. "ಇನ್ನೂ ಇಲ್ಲ ಅಜ್ಜಿ" ಎಂದರು. ಮಗಳು ಇಲ್ಲದ ಲೋಕದಲ್ಲಿ ಅವಳನ್ನು ಕೊಂದದ್ದರ ಚೂರು ತಣ್ಣಗೆ ಇದೆಯಲ್ಲ ಎಂದು ನನಗೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. ಆದರೂ ಎಸೆಯಬೇಡಿ ಎಂದೇ ಹೇಳಿ ಕಳಿಸಿದೆ. ಆ ಬೆಂಚಿನ ಮೇಲೆ ಇನ್ನೂ ಎಷ್ಟೋ ಜನ ಕೂತಿದ್ದಾರೆ.

ಮುನಿಯಪ್ಪನವರ ಹಿತ್ತಾಳೆ ಪಾತ್ರೆ ನಮ್ಮ ಅಟ್ಟದ ಮೇಲೇ ಉಳಿದುಬಿಟ್ಟಿತ್ತು. ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ವರ್ಷದ ತಿಥಿ ಕಳೆದ ಮೇಲೆ ಅತ್ತೆಯೇ ಇಳಿಸಿ, ಹುಣಸೆಹಣ್ಣು ಹಾಕಿ ಫಳಫಳ ಬೆಳಗಿದರು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದೆಂದು ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟರು. ನಾನೂ ನಾಗರಾಜೂ ಆಟೋದಲ್ಲಿ ಹೋದೆವು.

ಮುದುಕರು ಹಟ್ಟಿಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದರು. ಅವತ್ತು ಹುಟ್ಟಿದ ಕರು ದೊಡ್ಡದಾಗಿ, ಗೂಟಕ್ಕೆ ಕಟ್ಟಿಸಿಕೊಂಡು ಹುಲ್ಲು ಮೇಯುತ್ತಿತ್ತು. ನಾಗರಾಜುವನ್ನು ನೋಡಿದ ಕೂಡಲೇ ಅವರಿಗೆ ಗುರುತು ಹತ್ತಿತು. ನಮ್ಮಿಬ್ಬರ ಜೊತೆ ಮಗು ಇಲ್ಲದ್ದನ್ನೂ ನೋಡಿದರು. ಪಾತ್ರೆ ತೆಗೆದುಕೊಂಡು, ಬೆಲ್ಲ ನೋಡಿ, ಅದನ್ನು ಕಣ್ಣಿಗೊತ್ತಿಕೊಂಡರು. ಹುಷಾರಾದಳಾ ಎಂದು ಕೇಳಲಿಲ್ಲ.

"ಮಗು ತಿಂತಾ?" ಎಂದರು.

ನಾಗರಾಜು ನನ್ನ ಕಡೆ ತಿರುಗಿದರು. ನಾನೇ ಹೇಳಿದೆ.

"ತಿಂದ್ಲು ಅಜ್ಜ. ಹಸಿವು ಅಂತ ಬಾಯಿಬಿಟ್ಟು ಹೇಳಿ ತಿಂದ್ಲು."